ಹಿತ್ತಿಲ ಬಾಗಿಲಿಗೆ ಈಗ ಅಗುಳಿ ಹಾಕುವುದಿಲ್ಲ

ಇದನ್ನು ಓದಿ ನೀವು ನಗಬಹುದು. ನಗಿ. ನಾನು ಪಿಯು ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುವವಳು. ಬೇರೆ ಯಾರಾದರೂ ಇದನ್ನು ಹೇಳಿದ್ದರೆ ನಾನೂ ನಗುತ್ತಿದ್ದೆ.

ಆದರೆ ಆ ರಾತ್ರಿಯಿಡೀ ಆ ಮನೆಯಲ್ಲಿ ಎಚ್ಚರವಾಗಿದ್ದವಳು ನಾನೊಬ್ಬಳೇ. ಗಂಟೆಗೊಮ್ಮೆ ಮೊಬೈಲಿನಲ್ಲಿ ಬರೆದುಕೊಳ್ಳುತ್ತಿದ್ದೆ. ಹತ್ತು ಗಂಟೆ, ಆಡುತ್ತಿದೆ. ಹನ್ನೊಂದು, ಆಡುತ್ತಿದೆ... ಆ ಬರಹ ಇನ್ನೂ ಹಾಗೇ ಇದೆ. ಅಳಿಸಲು ಕೈ ಬಂದಿಲ್ಲ.

ಮೊದಲು ನನ್ನ ಕಾಲಿನ ವಿಷಯ ಹೇಳಬೇಕು.

ನಾನು ಕಾಲು ಮುಂದಾಗಿ ಹುಟ್ಟಿದವಳು. ನಮ್ಮ ಕಡೆ ಅದಕ್ಕೊಂದು ನಂಬಿಕೆ ಇದೆ. ಸೊಂಟ ಹಿಡಿದುಕೊಂಡರೆ, ಬೆನ್ನು ಉಳುಕಿದರೆ, ಅಂಥವರ ಕಾಲಿನಿಂದ ಮೂರು ಸಲ ತುಳಿಸಿಕೊಂಡರೆ ಬಿಡುತ್ತದೆ ಅಂತ. ತವರಿನಲ್ಲಿದ್ದಾಗಲೇ ಬೆಳಿಗ್ಗೆ ಎದ್ದರೆ ಜಗಲಿ ಮೇಲೆ ಯಾರಾದರೂ ಬೋರಲು ಮಲಗಿರುತ್ತಿದ್ದರು. ಬಿಳಿಗೆರೆ ಹತ್ತಿರದ ಈ ಊರಿಗೆ ಮದುವೆಯಾಗಿ ಬಂದ ತಿಂಗಳೊಳಗೆ ಇಲ್ಲಿಯವರಿಗೂ ಗೊತ್ತಾಯಿತು. ಕಾಯಿ ಕೀಳುವವರು, ಸುಲಿಯುವವರು, ಎಲ್ಲರಿಗೂ ಬೆನ್ನೇ ಬಂಡವಾಳ. ನಾನು ನಗುತ್ತಲೇ ತುಳಿಯುತ್ತಿದ್ದೆ. ಅವರೂ ನಗುತ್ತಲೇ ಎದ್ದು ಹೋಗುತ್ತಿದ್ದರು. ಅದರಲ್ಲೇನಿದೆ ಅಂದುಕೊಂಡಿದ್ದೆ.

ನಮ್ಮ ಅತ್ತೆ ಗೌರಮ್ಮನವರಿಗೆ ಎಪ್ಪತ್ತಮೂರು. ಐದು ವರ್ಷದ ಹಿಂದೆ ಎದೆಯ ಗಡ್ಡೆ ತೆಗೆಸಿ, ಔಷಧಿ ಹಾಕಿಸಿ, ಉದುರಿದ ಕೂದಲು ಮತ್ತೆ ಬೆಳೆದು, ದಿನಕ್ಕೊಂದು ಮಾತ್ರೆ ನುಂಗಿಕೊಂಡು ಓಡಾಡಿಕೊಂಡಿದ್ದರು. ಕ್ಯಾನ್ಸರ್ ಅನ್ನುವ ಮಾತು ಮನೆಯಲ್ಲಿ ಹಳೆಯದಾಗಿತ್ತು. ಮುಗಿದುಹೋಯಿತು ಅಂತಲೇ ಎಲ್ಲರೂ ನಂಬಿದ್ದೆವು.

ಅವರಿಗೆ ಮನೆಯಲ್ಲಿ ಒಂದು ಕೆಲಸ ಇತ್ತು, ಬೇರೆ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಅಟ್ಟದ ಮೇಲೆ ಹಾಕಿದ ತೆಂಗಿನಕಾಯಿ ವರ್ಷವಿಡೀ ಒಣಗಿ, ಒಳಗಿನ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಬಿಟ್ಟ ಕಾಯಿಯನ್ನು ಅಲ್ಲಾಡಿಸಿದರೆ ಒಳಗೆ ಗಿಟುಕು ಉರುಳಿ ಲೊಡಕ್ ಲೊಡಕ್ ಅನ್ನುತ್ತದೆ. ಅತ್ತೆ ಒಂದೊಂದೇ ಕಾಯಿ ಎತ್ತಿ ಕಿವಿ ಹತ್ತಿರ ಹಿಡಿದು ಎರಡು ಸಲ ಅಲ್ಲಾಡಿಸಿ, ಒಂದು ಕ್ಷಣ ಸುಮ್ಮನಿದ್ದು, ಉಗುರಿನಿಂದ ಟಕ್ ಅಂತ ಹೊಡೆದು ಪಕ್ಕಕ್ಕಿಡುತ್ತಿದ್ದರು. ಲೊಡಕ್ ಲೊಡಕ್... ಟಕ್. ಆ ಲಯ ನನಗೆ ನಿದ್ದೆಯಲ್ಲೂ ಗೊತ್ತು.

ಈ ವರ್ಷ ಶಿವರಾತ್ರಿ ಕಳೆದ ಮೇಲೆ ಅವರಿಗೆ ನಡು ಬೆನ್ನು ನೋವು ಶುರುವಾಯಿತು. ಅಟ್ಟ ಹತ್ತಿ ಇಳಿದು ಉಳುಕಿದೆ ಅಂದುಕೊಂಡೆವು. ರಾತ್ರಿ ಮಲಗಿದರೆ ಹೆಚ್ಚು ಅನ್ನುತ್ತಿದ್ದರು. ನನಗೆ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಒಂದು ಸಂಜೆ ತಮ್ಮ ಕೋಣೆಯಲ್ಲಿ ಚಾಪೆ ಹಾಸಿ ಬೋರಲು ಮಲಗಿಯೇ ನನ್ನನ್ನು ಕೂಗಿದರು.

"ಸುಮಾ, ಬಾ ಇಲ್ಲಿ. ಒಂದ್ ಸಲ ತುಳಿ."

"ಬೇಡಿ ಅತ್ತೆ. ತಿಪಟೂರಿಗೆ ಹೋಗಿ ತೋರಿಸ್ಕೊಂಡು ಬರೋಣ."

"ಊರೋರ್ ಬೆನ್ನೆಲ್ಲಾ ತುಳೀತೀಯ, ಅತ್ತೆ ಬೆನ್ನು ಅಂದ್ರೆ ಭಯವಾ? ಒಳಗೊಳಗೆ ಆಸೆ ಇರ್ತದೆ ಸೊಸೇರಿಗೆ. ತುಳಿ, ತುಳಿ. ಯಾರೂ ನೋಡಾಕಿಲ್ಲ."

ನಗು ಬಂತು. ಗೋಡೆ ಹಿಡಿದುಕೊಂಡು ಬಲಗಾಲಿಟ್ಟೆ. ಒಂದು. ಎರಡು. ಮೂರನೆಯ ಸಲ ಸ್ವಲ್ಪ ಭಾರ ಬಿಟ್ಟೆ...

ಲೊಡಕ್.

ಅಟ್ಟದಲ್ಲಿ ಯಾವುದೋ ಕಾಯಿ ಉರುಳಿತು ಅಂದುಕೊಂಡೆ. ತಲೆಯೆತ್ತಿ ಮೇಲೆ ನೋಡಿದ್ದು ಕೂಡ ನೆನಪಿದೆ. ಅತ್ತೆ ಒಂದು ಗಳಿಗೆ ಉಸಿರಾಡಲಿಲ್ಲ. ಆಮೇಲೆ ನಿಧಾನಕ್ಕೆ ಹೇಳಿದರು, "ಬುಟ್ಕೊಂತು ಕಣಮ್ಮ. ಹಾಯಾಯ್ತು."

ಆ ಸದ್ದು ಮೇಲಿನಿಂದ ಬಂತೋ ನನ್ನ ಕಾಲ ಕೆಳಗಿನಿಂದ ಬಂತೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಹತ್ತು ದಿನಕ್ಕೆ ಅವರಿಗೆ ಕೂರಲು ಆಗದಂತಾಯಿತು. ಕಾಲು ಜೋಮು ಅನ್ನತೊಡಗಿದರು. ತುಮಕೂರಿಗೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದೆವು. ಬೆನ್ನುಮೂಳೆಯ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ನನಗೂ ನನ್ನ ಗಂಡ ಲೋಕೇಶನಿಗೂ ತೋರಿಸಿದರು. ಒಂದರ ಮೇಲೊಂದು ಇಟ್ಟ ಬಿಲ್ಲೆಗಳ ಹಾಗೆ ಮೂಳೆಗಳು. ನಡುವೆ ಒಂದು ಮಾತ್ರ ಚಪ್ಪಟೆ.

"ಎದೆಯ ಕಾಯಿಲೆಯೇ ಇಲ್ಲಿಗೆ ಬಂದಿದೆ," ಅಂದರು. "ಮೂಳೆಯನ್ನು ಒಳಗಿನಿಂದ ತಿಂದಿದೆ. ಮೂಳೆ ಕುಸಿದು ಬೆನ್ನುಹುರಿಯನ್ನು ಒತ್ತುತ್ತಿದೆ. ಮೇಲೆ ಕೆಳಗೆ ಗಟ್ಟಿ ಇರುವ ಮೂಳೆಗಳಿಗೆ ಸ್ಕ್ರೂ ಹಾಕಿ, ರಾಡು ಕೂರಿಸಿ, ಒತ್ತಡ ತೆಗೆಯಬೇಕು. ಆಮೇಲೆ ಕರೆಂಟು, ಅಂದರೆ ರೇಡಿಯೇಷನ್, ಕೊಡುತ್ತೇವೆ."

"ಗುಣ ಆಗುತ್ತಾ ಡಾಕ್ಟ್ರೇ?" ಲೋಕೇಶ ಕೇಳಿದ.

"ಕ್ಯಾನ್ಸರ್ ಗುಣ ಆಗಲ್ಲ. ಅದಕ್ಕಾಗಿ ಮಾಡುವ ಆಪರೇಷನ್ ಅಲ್ಲ ಇದು. ನೋವು ಕಡಿಮೆ ಆಗಲಿ, ಇರುವಷ್ಟು ದಿನ ಬಚ್ಚಲಿಗೆ ತಾವೇ ನಡೆದು ಹೋಗಲಿ ಅಂತ. ಈ ವಯಸ್ಸಿಗೆ ಅಪಾಯವೂ ಇದೆ. ಆದರೆ ಕಾಲಿನಲ್ಲಿ ಇನ್ನೂ ಶಕ್ತಿ ಇದೆ. ಅದು ಇರುವಾಗಲೇ ಮಾಡಬೇಕು. ಹೋದಮೇಲೆ ಮಾಡಿದರೆ ವಾಪಸ್ ಬರುತ್ತೆ ಅನ್ನೋ ಭರವಸೆ ಇಲ್ಲ."

ನಾನು ತಡವರಿಸುತ್ತಾ ಕೇಳಿದೆ. "ಸರ್... ಯಾರಾದರೂ ಬೆನ್ನು ತುಳಿದಿದ್ದರೆ...?"

ಅವರು ನನ್ನನ್ನೇ ನೋಡಿದರು. "ಮೊದಲೇ ಕುಸಿದಿತ್ತೋ ಆಗ ಕುಸಿಯಿತೋ ಈಗ ಹೇಳಲು ಆಗಲ್ಲಮ್ಮ. ಕ್ಯಾನ್ಸರ್ ಬಂದು ಹೋದವರು ಬೆನ್ನುನೋವು ಅಂದಾಗ ಮೊದಲು ಇಲ್ಲಿಗೆ ಕರೆದುಕೊಂಡು ಬರಬೇಕಿತ್ತು." ಅಷ್ಟೇ.

ಮರುದಿನ ಬೆಳಿಗ್ಗೆ ಆಪರೇಷನ್ ಅಂತಾಯಿತು. ಅಲ್ಲೇ ಇರಿ ಅಂದರು. ಅತ್ತೆ ಹಟ ಹಿಡಿದುಬಿಟ್ಟರು.

"ಒಂದ್ ರಾತ್ರಿ ನನ್ ಮನೇಲಿ ಮಲಗ್ತೀನಿ. ಬೆಳಿಗ್ಗೆ ಎತ್ಕಂಡ್ ಬನ್ನಿ, ಏನ್ ಬೇಕಾದ್ರೂ ಕುಯ್ಕಳ್ಳಿ. ಇಲ್ದಿದ್ರೆ ಹೆಬ್ಬೆಟ್ಟು ಒತ್ತಾಕಿಲ್ಲ."

"ಅವ್ವಾ, ಮಕ್ಳಂಗಾಡ್ಬೇಡ," ಅಂದ ಲೋಕೇಶ.

"ಮತ್ತೆ ನಾನು ಬತ್ತೀನೋ ಇಲ್ವೋ ನಿಂಗೊತ್ತೇನ್ಲಾ?"

ಡಾಕ್ಟರು ಬೈದರು, ಕಾಗದಕ್ಕೆ ಸಹಿ ಹಾಕಿಸಿಕೊಂಡರು. ನನಗೆ ಮೂರು ಮಾತು ಹೇಳಿದರು. ಕೂರಿಸಬೇಡಿ. ಹೊರಳಿಸುವಾಗ ದಿಮ್ಮಿ ಉರುಳಿಸಿದ ಹಾಗೆ ಇಡೀ ಮೈ ಒಟ್ಟಿಗೆ ಹೊರಳಿಸಿ. ಗಂಟೆಗೊಮ್ಮೆ ಎಬ್ಬಿಸಿ ಕಾಲಿನ ಹೆಬ್ಬೆರಳು ಆಡಿಸಲು ಹೇಳಿ. ಆಡದೇ ಹೋದರೆ ಬೆಳಗಾಗಲಿ ಅಂತ ಕಾಯಬೇಡಿ, ತಕ್ಷಣ ಹೊರಡಿ.

ಲೋಕೇಶ ಇಬ್ಬರು ನೆಂಟರಿಂದ ರಕ್ತ ಕೊಡಿಸಲು ತುಮಕೂರಿನಲ್ಲೇ ಉಳಿದ. ಆಂಬುಲೆನ್ಸಿನವರು ಅತ್ತೆಯನ್ನು ಮಂಚದ ಮೇಲೆ ಮಲಗಿಸಿ, ಮುಂಜಾನೆ ಐದಕ್ಕೆ ಬರುತ್ತೇವೆ ಅಂತ ತಿಪಟೂರಿಗೆ ಹೋದರು. ಜೊತೆಗಿರಲಿ ಅಂತ ಪಕ್ಕದ ಮನೆಯ ಕೆಂಪಕ್ಕನನ್ನು ಕರೆದೆ. ಅತ್ತೆಯ ವಾರಿಗೆಯವಳು. ಕಿವಿ ಮಂದ, ಬಾಯಿ ಚುರುಕು.

"ಏನ್ ಗೌರಿ, ರಾಡ್ ಹಾಕ್ತಾರಂತೆ? ಇನ್ನು ನೀನು ಬಗ್ಗಂಗಿಲ್ಲ ಬುಡು. ಸೊಸೆ ಮುಂದೆ ಮೊದ್ಲೂ ಬಗ್ಗಿದೋಳಲ್ಲ."

ಅತ್ತೆ ನಕ್ಕರು. ನಕ್ಕಿದ್ದಕ್ಕೆ ನೋವಾಗಿ ಮುಖ ಕಿವುಚಿದರು. ಅವರ ನಗು ನಾನು ಕೇಳಿದ್ದು ಅದೇ ಕೊನೆ.

ಕೆಂಪಕ್ಕ ನಡುಮನೆಯಲ್ಲಿ ನೆಲದ ಮೇಲೆ ಚಾಪೆ ಹಾಕಿಕೊಂಡಳು. ಅಡುಗೆಮನೆಗೂ ಹಿತ್ತಿಲ ಬಾಗಿಲಿಗೂ ಅಲ್ಲಿಂದಲೇ ದಾರಿ. ನಾನು ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಬಿಸಿ ಮಾಡಿ ಅತ್ತೆಯ ಪಾದಗಳಿಗೆ ತಿಕ್ಕಿದೆ. ಅವರ ಎಡಗಾಲಿಗೆ ಕಿರುಬೆರಳಿಲ್ಲ. ವಯಸ್ಸಿನಲ್ಲಿ ಕಾಯಿ ಸುಲಿಯುವಾಗ ಹಾರೆ ತಗುಲಿ ಹೋದದ್ದು. ಹಿತ್ತಿಲ ಬಾಗಿಲ ಅಗುಳಿ ಹಾಕಿ ಬಂದೆ. ಹಾಕಿದ್ದೆ. ಇದನ್ನು ನಾನು ಎಲ್ಲಿ ಬೇಕಾದರೂ ಆಣೆ ಮಾಡಿ ಹೇಳಬಲ್ಲೆ.

ಹತ್ತಕ್ಕೆ ಹೆಬ್ಬೆರಳು ಆಡಿತು. ಹನ್ನೊಂದಕ್ಕೂ ಆಡಿತು. ಹನ್ನೆರಡಕ್ಕೆ ಎರಡು ಸಲ ಹೇಳಬೇಕಾಯಿತು... ಆಡಿತು. ಒಂದು ಗಂಟೆಗೆ ಎಡಗಾಲಿನದು ಸ್ವಲ್ಪ ನಿಧಾನ. ಆದರೂ ಆಡಿತು.

"ಇವತ್ತು ನನ್ ಹೆಬ್ಬೆಟ್ಟಿಗೆ ಬೋ ಮರ್ಯಾದೆ," ಅಂತ ಗೊಣಗಿ ಅತ್ತೆ ಕಣ್ಣು ಮುಚ್ಚಿದರು.

ಒಂದೂ ಇಪ್ಪತ್ತಕ್ಕೆ ಇರಬೇಕು... ಮೇಲೆ ಸದ್ದಾಯಿತು.

ಲೊಡಕ್ ಲೊಡಕ್... ಟಕ್.

ಇಲಿ ಅಂದುಕೊಂಡೆ. ನಮ್ಮ ಅಟ್ಟದಲ್ಲಿ ಇಲಿ ಇಲ್ಲದ ರಾತ್ರಿ ಯಾವುದು?

ಲೊಡಕ್ ಲೊಡಕ್... ಟಕ್.

ಇಲಿ ಕಾಯಿ ಉರುಳಿಸುತ್ತದೆ. ಎತ್ತಿ ಅಲ್ಲಾಡಿಸುವುದಿಲ್ಲ. ಉಗುರಿನಿಂದ ಹೊಡೆಯುವುದಿಲ್ಲ.

ಸದ್ದು ಮುಂದಿನ ಹಜಾರದ ಮೇಲಿನಿಂದ ಒಂದೊಂದೇ ಕಾಯಿಯ ಅಂತರದಲ್ಲಿ ನಮ್ಮ ಕೋಣೆಯ ಕಡೆ ಬರುತ್ತಿತ್ತು. ಹೊರಗೆ ತೋಟದಲ್ಲಿ ಗಾಳಿ ಇರಲಿಲ್ಲ, ಒಂದು ಗರಿಯೂ ಸದ್ದು ಮಾಡುತ್ತಿರಲಿಲ್ಲ. ಒಣಗಿದ ಕೊಬ್ಬರಿಯ ಜಿಡ್ಡು ಸಿಹಿ ವಾಸನೆ ಒಮ್ಮೆಲೇ ದಟ್ಟವಾಗಿ ಮೂಗಿಗೆ ಬಡಿಯಿತು.

ಅತ್ತೆ ಕಣ್ಣು ತೆರೆಯದೆ ಕೇಳಿದರು. "ಯಾರಮ್ಮ ಅಟ್ಟದ ಮ್ಯಾಲೆ?"

"ಯಾರೂ ಇಲ್ಲ ಅತ್ತೆ. ಮಲಗಿ."

"ಕಾಯಿ ನೋಡ್ತಾವ್ರೆ... ಯಾವ್ದು ಬುಟ್ಟೈತೆ ಅಂತ."

ಸದ್ದು ಸರಿಯಾಗಿ ಮಂಚದ ಮೇಲಕ್ಕೆ ಬಂದು ನಿಂತಿತು.

ನಾನು ಹೋಗಬಾರದಿತ್ತು. ಅವರ ಪಕ್ಕ ಬಿಟ್ಟು ಕದಲಬಾರದಿತ್ತು. ಆದರೆ ಕಳ್ಳ ಹೊಕ್ಕಿದ್ದರೆ? ಎತ್ತಿಕೊಂಡು ಓಡಲೂ ಆಗದ ಮನುಷ್ಯರು ಕೆಳಗೆ ಮಲಗಿದ್ದಾರೆ. ಮೊಬೈಲಿನ ಬೆಳಕು ಹಾಕಿಕೊಂಡು ಹಜಾರಕ್ಕೆ ಬಂದು ಏಣಿ ಹತ್ತಿದೆ.

ಮೇಲೆ ಯಾರೂ ಇರಲಿಲ್ಲ. ಕಾಯಿಗಳ ರಾಶಿ, ಧೂಳು, ಕತ್ತಲು. "ಯಾರದು?" ಅಂದೆ. ನನ್ನ ದನಿ ನನಗೇ ಬೇರೆ ಯಾರದೋ ಹಾಗೆ ಕೇಳಿಸಿತು. ಬಗ್ಗಿಕೊಂಡು ಅತ್ತೆಯ ಕೋಣೆಯ ನೇರಕ್ಕೆ ಹೋದೆ. ಅಲ್ಲಿ ರಾಶಿಯಿಂದ ಬೇರೆಯಾಗಿ ಒಂದೇ ಒಂದು ಕಾಯಿ ಇತ್ತು. ಮುಟ್ಟಿದೆ.

ಬೆಚ್ಚಗಿತ್ತು. ಈಗಷ್ಟೇ ಯಾರೋ ಕೈಯಿಂದ ಇಟ್ಟ ಹಾಗೆ.

ನಮ್ಮ ಅಟ್ಟದ ನೆಲ ಸೀಳಿದ ಅಡಿಕೆ ಮರದ ದಬ್ಬೆಗಳದು. ಗಾಳಿಯಾಡಲಿ ಅಂತ ದಬ್ಬೆಗಳ ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟಿರುತ್ತಾರೆ. ಆ ಸಂದಿನಲ್ಲಿ ಕೆಳಗಿನ ಬೆಳಕು ಕಾಣುತ್ತಿತ್ತು. ಕಣ್ಣಿಟ್ಟು ನೋಡಿದೆ. ಮಂಚ ಕಂಡಿತು. ದಿಂಬಿನ ಮೇಲೆ ಅತ್ತೆಯ ಬಿಳಿ ಕೂದಲು. ಎದೆಯ ಮೇಲೆ ಜೋಡಿಸಿದ ಕೈ. ಸೊಂಟದವರೆಗೆ ಹೊದಿಕೆ ಉಬ್ಬಿತ್ತು...

ಸೊಂಟದಿಂದ ಕೆಳಗೆ ಹೊದಿಕೆ ಚಪ್ಪಟೆಯಾಗಿ ಹಾಸಿಗೆಗೆ ಅಂಟಿತ್ತು. ಒಳಗೆ ಏನೂ ಇಲ್ಲದ ಹಾಗೆ.

ಅದೇ ಹೊತ್ತಿಗೆ ಕೆಳಗೆ ಹೆಜ್ಜೆ ಸದ್ದು ಕೇಳಿಸಿತು. ಬರಿಗಾಲು. ನಿಧಾನ, ಅವಸರವಿಲ್ಲ. ಕೋಣೆಯಿಂದ ನಡುಮನೆಗೆ. ನಡುಮನೆಯಿಂದ ಅಡುಗೆಮನೆಗೆ. ಎಡಗಾಲು ಸ್ವಲ್ಪ ಎಳೆದು ಹಾಕುವ ಆ ನಡಿಗೆ... ಹನ್ನೊಂದು ವರ್ಷದಿಂದ ನಸುಕಿನಲ್ಲಿ ನನ್ನನ್ನು ಎಬ್ಬಿಸುತ್ತಿದ್ದದ್ದು ಅದೇ ನಡಿಗೆ.

"ಅತ್ತೆ! ಏಳಬೇಡಿ! ಅತ್ತೇ!"

ಹಿತ್ತಿಲ ಬಾಗಿಲ ಅಗುಳಿ ಸರಿಯಿತು. ಕಿರ್ರ್... ಅಂತ ಬಾಗಿಲು ತೆರೆಯಿತು.

ಏಣಿ ಹೇಗೆ ಇಳಿದೆನೋ ಗೊತ್ತಿಲ್ಲ. ಮೊಣಕೈ ತರಚಿದ್ದು ಬೆಳಿಗ್ಗೆಯೇ ಕಂಡಿದ್ದು. ಓಡಿ ಕೋಣೆಗೆ ಬಂದೆ.

ಅತ್ತೆ ಮಂಚದ ಮೇಲೇ ಇದ್ದರು. ಮಲಗಿಸಿದ ಹಾಗೇ, ಒಂದಿಷ್ಟೂ ಕದಲದೆ. ಹೊದಿಕೆ ಎತ್ತಿದೆ. ಕಾಲುಗಳಿದ್ದವು. ಇದ್ದವು, ಆದರೆ ಕೊಡದ ನೀರಿನ ಹಾಗೆ ತಣ್ಣಗಿದ್ದವು. ಅಷ್ಟು ತಿಕ್ಕಿದ ಎಣ್ಣೆಯ ಪಸೆಯೇ ಇರಲಿಲ್ಲ.

ಅವರ ಕಣ್ಣು ತೆರೆದಿತ್ತು. ನನ್ನನ್ನೇ ನೋಡುತ್ತಾ, ಪಾತ್ರೆ ಎಲ್ಲಿಟ್ಟೆ ಅಂತ ಕೇಳುವ ಹಾಗೆ, ಮೆಲ್ಲಗೆ ಕೇಳಿದರು:

"ಸುಮಾ... ನನ್ ಕಾಲು ಎಲ್ಲಿಟ್ಟೆ?"

"ಇಲ್ಲೇ ಇದೆ ಅತ್ತೆ. ಹೆಬ್ಬೆರಳು ಆಡಿಸಿ. ಆಡಿಸಿ ಅತ್ತೆ, ಒಂದೇ ಒಂದ್ಸಲ."

"ಆಡಿಸ್ತಾನೇ ಇದೀನಲ್ಲ," ಅಂದರು.

ಆಡುತ್ತಿರಲಿಲ್ಲ.

ಮೊಬೈಲಿನಲ್ಲಿ ನಾನು ಬರೆದಿದ್ದೇನೆ: ಒಂದೂವರೆ, ಇಲ್ಲ.

ಆಂಬುಲೆನ್ಸಿಗೆ ಫೋನು ಮಾಡಿದೆ. ಲೋಕೇಶನಿಗೆ ಮಾಡಿದೆ. ಅವರು ಬರುವವರೆಗೂ ಅತ್ತೆಯ ಕಾಲು ಹಿಡಿದುಕೊಂಡು ಕೂತಿದ್ದೆ, ಬಿಟ್ಟರೆ ಹೋಗಿಬಿಡುತ್ತವೆ ಅನ್ನುವ ಹಾಗೆ. ನೆಲದ ಕಡೆ ನೋಡಬಾರದು ಅಂದುಕೊಂಡರೂ ನೋಡಿದೆ. ಕೆಂಪು ಗಾರೆಯ ಮೇಲೆ ಎಣ್ಣೆಯ ಹೆಜ್ಜೆಗಳು ಹೊಳೆಯುತ್ತಿದ್ದವು. ಮಂಚದಿಂದ ನಡುಮನೆಯ ಕಡೆಗೆ. ಹೋದವು ಮಾತ್ರ. ಎಡಗಾಲಿನ ಗುರುತಿನಲ್ಲಿ ನಾಲ್ಕೇ ಬೆರಳು. ಕರ್ಪೂರದ ವಾಸನೆ ಹಿತ್ತಿಲವರೆಗೂ ಎಳೆದುಕೊಂಡು ಹೋಗಿತ್ತು. ಬಾಗಿಲು ಪೂರ್ತಿ ತೆರೆದಿತ್ತು, ಆಚೆ ತೋಟದ ಕತ್ತಲು.

ಆಂಬುಲೆನ್ಸಿನ ಹುಡುಗರು ಸ್ಟ್ರೆಚರ್ ತಂದು ಆ ಗುರುತುಗಳ ಮೇಲೇ ಓಡಾಡಿದರು. ಎಲ್ಲಾ ಅಳಿಸಿಹೋಯಿತು.

ತುಮಕೂರು ತಲುಪಿದಾಗ ನಾಲ್ಕಾಗಿರಲಿಲ್ಲ. ಬೆಳಕು ಹರಿಯುವ ಮೊದಲೇ ಅತ್ತೆಯನ್ನು ಆಪರೇಷನ್ನಿಗೆ ಒಳಗೆ ತೆಗೆದುಕೊಂಡರು. ನಾನು ಗಾಜಿನ ಬಾಗಿಲ ಮುಂದೆ ಕೂತು ಒಂದೇ ಲೆಕ್ಕ ಹಾಕುತ್ತಿದ್ದೆ. ನಾನು ಏಣಿ ಹತ್ತದೆ ಇದ್ದಿದ್ದರೆ? ಆ ಸಂಜೆ ಕಾಲಿಡದೆ ಇದ್ದಿದ್ದರೆ?

ಮಧ್ಯಾಹ್ನ ಡಾಕ್ಟರು ಬಂದರು. "ನೀವು ತಡ ಮಾಡಲಿಲ್ಲ. ಸ್ಕ್ರೂ ಚೆನ್ನಾಗಿ ಕೂತಿದೆ, ಒತ್ತಡ ತೆಗೆದಿದ್ದೇವೆ. ಕಾಲು... ನೋಡೋಣ." ಆಮೇಲೆ ದನಿ ತಗ್ಗಿಸಿ ಕೇಳಿದರು, "ರಾತ್ರಿ ಎಬ್ಬಿಸಿ ನಡೆಸಿದಿರಾ?"

"ಇಲ್ಲ ಸರ್."

ಅವರು ನಂಬಿದರೇನೋ. ಲೋಕೇಶನೂ ಆಗ ನಂಬಿದ್ದ.

ಮೂರನೆಯ ದಿನ ಕೆಂಪಕ್ಕ ಆಸ್ಪತ್ರೆಗೆ ನೋಡಲು ಬಂದಳು. ಲೋಕೇಶ ಅಲ್ಲೇ ಇದ್ದ.

"ಅಲ್ಲಾ ಸುಮಾ, ಅವತ್ತು ರಾತ್ರಿ ಗೌರಿ ನನ್ ತಲೆದೆಸೆಯಿಂದ್ಲೇ ಹಾದೋದ್ಲಲ್ಲ. ನಿದ್ದೆಗಣ್ಣಾಗೆ ಬಚ್ಚಲಿಗೇನೋ ಅಂದ್ಕಂಡೆ. ಏನ್ ಗೌರಿ ಅಂದ್ರೆ ಮಾತೇ ಆಡ್ಲಿಲ್ಲ."

ಲೋಕೇಶ ತಿರುಗಿ ನನ್ನ ಮುಖ ನೋಡಿದ.

ನಾನು ಕೆಂಪಕ್ಕನ ಕೈ ಹಿಡಿದುಕೊಂಡೆ. "ಮುಖ ನೋಡಿದ್ರಾ ಕೆಂಪಕ್ಕ? ಸೀರೆ ಯಾವುದಿತ್ತು?"

"ಮುಖ ಎಲ್ಲಿ ಕಾಣ್ತದಮ್ಮ, ನಾನು ನೆಲದ ಮ್ಯಾಲೆ ಮಲಗಿದ್ನಲ್ಲ. ಕಾಲಷ್ಟೇ ಕಂಡಿದ್ದು. ಅವಳ ಕಾಲು ನಂಗೊತ್ತಿಲ್ವಾ, ಕಿರುಬೆರಳಿಲ್ದಿರೋದು? ಸೀರೆ..." ಅಂದವಳು ನಿಲ್ಲಿಸಿದಳು. "ಸೀರೆ ಕಾಣ್ಲೇ ಇಲ್ಲ ಕಣಮ್ಮ."

ಕೊನೆಯ ಮಾತು ಲೋಕೇಶನ ಕಿವಿಗೆ ಬೀಳಲಿಲ್ಲ. ಅವನು ಆಗಲೇ ಎದ್ದು ಹೊರಗೆ ಹೋಗಿದ್ದ. ಇವತ್ತಿನವರೆಗೂ ಅವನು ನನ್ನನ್ನು ಒಂದು ಮಾತೂ ಕೇಳಿಲ್ಲ. ಕೇಳಿದ್ದರೆ ಚೆನ್ನಾಗಿರುತ್ತಿತ್ತು.

ಕಾಲು ಬರಲಿಲ್ಲ. ಬೆನ್ನಿನ ನೋವು ಮಾತ್ರ ಹೋಯಿತು, ಡಾಕ್ಟರು ಹೇಳಿದ ಹಾಗೇ. ಪಟ್ಟಿ ಕಟ್ಟಿ ದಿಂಬಿಟ್ಟರೆ ಕೂರುತ್ತಾರೆ. ಕರೆಂಟು ಕೊಡಿಸಿದ್ದಾಯಿತು. ಮೊನ್ನೆಯ ಸ್ಕ್ಯಾನಿನಲ್ಲಿ ಲಿವರಿಗೂ ಬಂದಿದೆ ಅಂದರು. ಇನ್ನು ಸ್ಕ್ಯಾನಿಗೆ ಕರೆದುಕೊಂಡು ಬರುವ ತೊಂದರೆ ತೆಗೆದುಕೊಳ್ಳಬೇಡಿ ಅಂತಲೂ ಹೇಳಿ ಕಳಿಸಿದರು. ಆ ಮಾತಿನ ಅರ್ಥ ನಮಗೆಲ್ಲ ಗೊತ್ತು. ಅತ್ತೆಗೂ.

ಊರಿನವರು ಈಗಲೂ ಒಬ್ಬೊಬ್ಬರು ಬೆನ್ನು ಹಿಡಿದುಕೊಂಡು ಬರುತ್ತಾರೆ. ನಾನು ಬಾಗಿಲಿಂದಲೇ ಕಳಿಸುತ್ತೇನೆ.

ಆಸ್ಪತ್ರೆಯಿಂದ ಬಂದ ಮೊದಲ ರಾತ್ರಿಯೇ ಅತ್ತೆ ಹೇಳಿದ್ದರು. "ಹಿತ್ಲು ಬಾಗ್ಲಿಗೆ ಅಗುಳಿ ಹಾಕ್ಬೇಡ ಕಣಮ್ಮ. ಬಂದ್ರೆ ಒಳಗೆ ಬರಾಕಾಗ್ಬೇಕಲ್ಲ." ಏನು ಬಂದರೆ ಅಂತ ನಾನು ಕೇಳಲಿಲ್ಲ. ಅವತ್ತಿನಿಂದ ಹಾಕಿಲ್ಲ.

ಬರುತ್ತವೆ. ದಿನಾ ಅಲ್ಲ. ಬಂದರೆ ಒಂದೂವರೆಗೆ. ತೋಟದಲ್ಲಿ ತರಗೆಲೆ ಮೇಲೆ ಹೆಜ್ಜೆ... ಎಡಗಾಲು ಎಳೆದು ಹಾಕುವ ಹೆಜ್ಜೆ. ಕರ್ಪೂರದ ವಾಸನೆ ಮೊದಲು ಬರುತ್ತದೆ. ಹಿತ್ತಿಲ ಬಾಗಿಲು ಒಂದಿಷ್ಟು ಅಲುಗುತ್ತದೆ. ಹೊಸ್ತಿಲ ಹತ್ತಿರ ನಿಲ್ಲುತ್ತವೆ, ತುಂಬಾ ಹೊತ್ತು. ಒಳಗೆ ಬರುವುದಿಲ್ಲ. ನಾನು ಅತ್ತೆಯ ಮಂಚದ ಪಕ್ಕ ನೆಲದ ಮೇಲೆ ಮಲಗಿ ಕೇಳುತ್ತಿರುತ್ತೇನೆ. ಅತ್ತೆಯೂ ಎಚ್ಚರವಾಗಿರುತ್ತಾರೆ. ಆಮೇಲೆ ಹೆಜ್ಜೆಗಳು ತೋಟದ ಕಡೆ ವಾಪಸ್ ಹೋಗುತ್ತವೆ. ಒಂದೊಂದು ಸಲ ಅತ್ತೆ ಅಳುತ್ತಾರೆ.

ನಿನ್ನೆ ರಾತ್ರಿಯೂ ಹಾಗೇ ಆಯಿತು. ಹೆಜ್ಜೆ ದೂರವಾದ ಮೇಲೆ ಅತ್ತೆ ಕತ್ತಲಲ್ಲೇ ಕೈ ಚಾಚಿ ನನ್ನ ತಲೆ ಸವರಿದರು. ದನಿಯಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಸುಮಾ, ನಾಳೆಯಿಂದ ನೀನು ಮುಂದ್ಲ ಹಜಾರದಾಗೆ ಮಲಕ್ಕಳವ್ವ. ಬೇಜಾರ್ ಮಾಡ್ಕಬೇಡ. ನಿನ್ ಕಾಲು ಕಂಡ್ರೆ ಅವು ಒಳೀಕೆ ಬರಾಕಿಲ್ಲ."

ಈಗ ಹಜಾರದಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಕಾಲನ್ನು ಹೊದಿಕೆಯೊಳಗೆ ಮಡಚಿಕೊಂಡಿದ್ದೇನೆ. ಒಂದೂ ಕಾಲು ಆಯಿತು. ಕರ್ಪೂರದ ವಾಸನೆ ಬರುತ್ತಿದೆ.